ಗೌಂಡಿಯ ಕೈ ಮತ್ತು ಎರಡು ದಿನಗಳ ಪಯಣ

ಗೋವೆಯಲ್ಲಿ ತಲೆಯೆತ್ತಿ ನಿಂತಿರುವ ಕಟ್ಟಡಗಳಲ್ಲಿ ಕನ್ನಡಿಗರ ದುಡಿಮೆಯ ಪಾಲು ಎಷ್ಟೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿಗಳಿಂದ ಬಂದು ವಾಸ್ಕೋ, ಝುವಾರಿನಗರ, ಮಡಗಾಂವ, ಪೊಂಡಾಗಳಲ್ಲಿ ನೆಲೆಸಿದ ಅನೇಕ ಕುಟುಂಬಗಳ ಅನ್ನಕ್ಕೆ ಗೌಂಡಿ ಕೆಲಸವೇ ಆಧಾರವಾಗಿದೆ. ನಮ್ಮ ಕನ್ನಡ ಶಾಲೆಗಳ ಮಕ್ಕಳಲ್ಲಿ ತಂದೆಯ ಕೈಯ ಒರಟು ಸ್ಪರ್ಶವನ್ನು ಅರಿಯದವರು ವಿರಳ. ಆ ಕೈಯಲ್ಲಿ ಕೆಲವೊಮ್ಮೆ ಕಾಣಿಸಿಕೊಳ್ಳುವ ಬಿರುಕು, ಕೆಂಪು, ನೀರೊಸರುವ ಗುಳ್ಳೆ, ರಾತ್ರಿಯಿಡೀ ನಿದ್ದೆಗೆಡಿಸುವ ತುರಿಕೆ ಇವೇ ಈ ವಾರದ ವಿಷಯ. ಮನೆಯಲ್ಲಿ ಇದನ್ನು ಇಸುಬು ಎನ್ನುತ್ತೇವೆ. ವೈದ್ಯರು ಸಿಮೆಂಟ್ ಎಕ್ಸಿಮಾ ಎನ್ನುತ್ತಾರೆ. ಕಾನೂನಿನ ಅಂಕಣದಲ್ಲಿ ಚರ್ಮರೋಗಕ್ಕೇನು ಕೆಲಸವೆಂದು ಕೇಳುವವರು ತುಸು ತಾಳ್ಮೆಯಿಂದ ಮುಂದೆ ಓದಬೇಕು.

ಈ ರೋಗ ಬಂದ ಗೌಂಡಿಗಳು ಕೇಳುವ ಪ್ರಶ್ನೆಗಳು ಎರಡು. ‘ವಕೀಲರೇ, ಹದಿನೈದು ವರ್ಷ ಇದೇ ಸಿಮೆಂಟ್ ಕಲಸಿದ್ದೇನೆ, ಆಗ ಏನೂ ಆಗಲಿಲ್ಲ, ಈಗೇಕೆ?’ ಎಂಬುದು ಮೊದಲನೆಯದು. ಎರಡನೆಯದು ಗುತ್ತಿಗೆದಾರನ ಬಾಯಿಂದ ಬರುವ ಪ್ರಶ್ನೆ. ಕೆಲಸಗಾರ ಅದಕ್ಕೆ ಉತ್ತರ ಕಾಣದೆ ನಮ್ಮಲ್ಲಿಗೆ ತರುತ್ತಾನೆ. ‘ಶುಕ್ರವಾರ ಸಂಜೆ ಸಂಬಳ ಎಣಿಸಿಕೊಳ್ಳುವಾಗ ಕೈ ಸರಿಯಾಗಿಯೇ ಇತ್ತು. ಭಾನುವಾರ ಮನೆಯಲ್ಲಿ ಕೆಂಪಾಯಿತು. ಹಾಗಿದ್ದ ಮೇಲೆ ಅದು ನಿನ್ನ ಮನೆಯ ಸೋಪಿನಿಂದ ಬಂದದ್ದು, ನನ್ನ ಸಿಮೆಂಟಿನಿಂದಲ್ಲ.’ ವಾದ ಮೇಲ್ನೋಟಕ್ಕೆ ಬಲವಾಗಿದೆ. ಸಾಕ್ಷ್ಯದ ದೃಷ್ಟಿಯಿಂದ ನೋಡುವವನಿಗೆ ಕಾರಣಕ್ಕೂ ಕಾರ್ಯಕ್ಕೂ ನಡುವಿನ ಎರಡು ದಿನಗಳ ಅಂತರ ಸಂದೇಹಕ್ಕೆ ಎಡೆಗೊಡುತ್ತದೆ. ಆದರೆ ಆ ಎರಡು ದಿನಗಳಲ್ಲಿ ದೇಹದೊಳಗೆ ನಡೆಯುವುದೇನೆಂಬುದನ್ನು ತಿಳಿದವನಿಗೆ ಅದೇ ಅಂತರವೇ ಕೆಲಸಗಾರನ ಪರವಾದ ಸಾಕ್ಷಿ.

ನಮ್ಮ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 4,000ದಿಂದ 11,000 ಬಿಳಿ ರಕ್ತಕಣಗಳಿರುತ್ತವೆಂದು ಶಾಲೆಯ ಮಕ್ಕಳು ಓದಿರುತ್ತಾರೆ. ಆದರೆ ಅವು ರಕ್ತದಲ್ಲಿಯೇ ಉಳಿಯುವವಲ್ಲ. ರಕ್ತನಾಳ ಅವುಗಳಿಗೆ ಹೆದ್ದಾರಿಯಿದ್ದಂತೆ. ಕೆಲಸವಿರುವುದು ಹೆದ್ದಾರಿಯ ಆಚೆಗಿನ ಊರುಗಳಲ್ಲಿ. ಈ ಸಂಗತಿ ವಿಜ್ಞಾನಕ್ಕೆ ಸುಲಭವಾಗಿ ತಿಳಿಯಲಿಲ್ಲ. ಗಾಯದಲ್ಲಿ ಕಾಣುವ ಕೀವು ಅಲ್ಲಿಯೇ ಹುಟ್ಟುತ್ತದೆಂದು ಬಹುಕಾಲ ನಂಬಲಾಗಿತ್ತು. ಫ್ರಾನ್ಸಿನ ದ್ಯುತ್ರೋಶೆ ಎಂಬವನು ಬಿಳಿಯ ಕಣಗಳು ರಕ್ತನಾಳದಿಂದ ಹೊರಬರುವುದನ್ನು 1824ರಷ್ಟು ಹಿಂದೆಯೇ ಬರೆದಿಟ್ಟರೂ ಯಾರೂ ಕಿವಿಗೊಡಲಿಲ್ಲ. (ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದೂ ಅದೇ 1824ರಲ್ಲಿ. ರೋಗದ ಕಾರಣವೂ ರೋಗದ ವಿವರಣೆಯೂ ಒಂದೇ ವರ್ಷ ಹುಟ್ಟಿದವು. ಅವೆರಡಕ್ಕೂ ಪರಸ್ಪರ ಪರಿಚಯವಾಗಲು ಮಾತ್ರ ಒಂದು ಶತಮಾನಕ್ಕೂ ಮಿಕ್ಕಿ ಕಾಲ ಹಿಡಿಯಿತು.) 1867ರಲ್ಲಿ ಜರ್ಮನಿಯ ಯೂಲಿಯುಸ್ ಕೋನ್‌ಹೈಮ್ ಕಪ್ಪೆಯ ತೆಳುವಾದ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಬಿಳಿ ಕಣಗಳು ಮೊದಲು ರಕ್ತನಾಳದ ಅಂಚಿಗೆ ಸರಿದು, ಗೋಡೆಗೆ ಅಂಟಿ, ನಿಧಾನವಾಗಿ ಅದನ್ನು ತೂರಿ ಹೊರಬರುವುದನ್ನು ತೋರಿಸಿಕೊಟ್ಟ ಮೇಲೆಯೇ ಲೋಕ ಒಪ್ಪಿತು.

ಕೋನ್‌ಹೈಮ್ ಕಂಡದ್ದನ್ನು ಇಂದು ಹೆಚ್ಚು ವಿವರವಾಗಿ ಹೇಳಬಹುದು. ಚರ್ಮದ ಯಾವುದೋ ಭಾಗಕ್ಕೆ ಪೆಟ್ಟಾದಾಗ, ಅಥವಾ ಆಗದ ವಸ್ತು ತಗಲಿದಾಗ, ಅಲ್ಲಿನ ಕೋಶಗಳು ರಾಸಾಯನಿಕ ಸಂಕೇತಗಳನ್ನು ಹೊರಡಿಸುತ್ತವೆ. ಸಮೀಪದ ಕಿರು ಅಭಿಧಮನಿಯ ಒಳಗೋಡೆ ಆ ಸಂಕೇತಕ್ಕೆ ಓಗೊಟ್ಟು ತನ್ನ ಮೈಮೇಲೆ ಸೆಲೆಕ್ಟಿನ್ ಎಂಬ ಅಂಟು ಪ್ರೋಟೀನನ್ನು ಮೂಡಿಸಿಕೊಳ್ಳುತ್ತದೆ. ರಭಸದಿಂದ ಸಾಗುತ್ತಿದ್ದ ಬಿಳಿ ಕಣ ಅದಕ್ಕೆ ತಾಗಿ, ಬಿಟ್ಟು, ಮತ್ತೆ ತಾಗಿ, ಗೋಡೆಯುದ್ದಕ್ಕೂ ಉರುಳತೊಡಗುತ್ತದೆ. ಓಡುವ ರೈಲಿನಿಂದ ಇಳಿಯಲೆತ್ನಿಸುವವನು ಮೊದಲು ಸರಳನ್ನು ಹಿಡಿದು ವೇಗ ತಗ್ಗುವುದನ್ನು ಕಾಯುವಂತೆ. ಅಷ್ಟರಲ್ಲಿ ಗೋಡೆಯ ಮೇಲಿರುವ ಕೀಮೋಕೈನ್ ಎಂಬ ಇನ್ನೊಂದು ಬಗೆಯ ಸಂಕೇತ ಅದಕ್ಕೆ ‘ಇಳಿಯಬೇಕಾದ ನಿಲ್ದಾಣ ಇದೇ’ ಎಂದು ತಿಳಿಸುತ್ತದೆ. ಕೂಡಲೇ ಕಣದ ಮೈಮೇಲಿನ ಇಂಟೆಗ್ರಿನ್ ಎಂಬ ಕೊಕ್ಕೆಗಳು ನಿಮಿರಿ ಗೋಡೆಯನ್ನು ಬಿಗಿಯಾಗಿ ಕಚ್ಚುತ್ತವೆ. ಕಣ ನಿಲ್ಲುತ್ತದೆ, ಚಪ್ಪಟೆಯಾಗುತ್ತದೆ, ಗೋಡೆಯ ಎರಡು ಕೋಶಗಳ ನಡುವಿನ ಸಂದಿಯಲ್ಲಿ ತನ್ನನ್ನು ಹಿಂಡಿಕೊಂಡು ಆಚೆ ಬೀಳುತ್ತದೆ. ಆಮೇಲೆ ವಾಸನೆ ಹಿಡಿದು ಹೋಗುವ ಇರುವೆಯಂತೆ, ಸಂಕೇತ ದಟ್ಟವಾಗಿರುವ ದಿಕ್ಕಿಗೆ ಹರಿಯುತ್ತದೆ. ಚರ್ಮ ಕೆಂಪಾಗುವುದು ರಕ್ತನಾಳ ಹಿಗ್ಗಿದ್ದರಿಂದ. ಬಾವು ಬರುವುದು ದ್ರವ ಸೋರಿದ್ದರಿಂದ. ಗುಳ್ಳೆ, ತುರಿಕೆಗಳಲ್ಲಿ ಹೀಗೆ ಬಂದಿಳಿದ ಕಣಗಳ ಕೈವಾಡವಿದೆ.

ಆದರೆ ಎಲ್ಲ ಬಿಳಿ ಕಣಗಳೂ ಒಂದೇ ವೇಗದವಲ್ಲ. ಮುಳ್ಳು ಚುಚ್ಚಿದಾಗ ನ್ಯೂಟ್ರೋಫಿಲ್ ಎಂಬವು ಕೆಲವೇ ಗಂಟೆಗಳಲ್ಲಿ ಹಾಜರಾಗುತ್ತವೆ. ಅವು ಹೆಸರು ವಿಳಾಸ ವಿಚಾರಿಸದೆ ನುಗ್ಗುವ ಪಡೆ. ಸಿಮೆಂಟ್ ಎಕ್ಸಿಮಾದಲ್ಲಿ ಪ್ರಧಾನ ಪಾತ್ರ ವಹಿಸುವುದು ಟಿ ಕೋಶಗಳೆಂಬ ಬೇರೊಂದು ಬಗೆ. ಇವು ತಾವು ಹಿಂದೆ ಕಂಡ ನಿರ್ದಿಷ್ಟ ವಸ್ತುವನ್ನು ಮಾತ್ರ ಗುರುತಿಸುತ್ತವೆ, ಒಮ್ಮೆ ಗುರುತಿಸಿದ್ದನ್ನು ಮರೆಯುವುದಿಲ್ಲ.

ಇಲ್ಲಿ ಸಿಮೆಂಟಿನ ರಸಾಯನವನ್ನು ತುಸು ನೋಡಬೇಕು. ಹಸಿ ಸಿಮೆಂಟ್ ಎರಡು ರೀತಿಯಲ್ಲಿ ಹಾನಿ ಮಾಡುತ್ತದೆ. ಮೊದಲನೆಯದು ಅದರ ಸುಣ್ಣದ ಖಾರ. ನೀರು ಬೆರೆತ ಸಿಮೆಂಟಿನ ಪಿಎಚ್ ಮೌಲ್ಯ 12ನ್ನು ಮೀರುತ್ತದೆ. ಅದು ಚರ್ಮದ ಜಿಡ್ಡನ್ನು ಕರಗಿಸಿ, ಒಣಗಿಸಿ, ಸೀಳುತ್ತದೆ. ಸ್ಲ್ಯಾಬ್ ಹಾಕುವ ದಿನ ಮಂಡಿಯೂರಿ ಕುಳಿತವರಿಗೆ ಸುಟ್ಟ ಗಾಯಗಳೇ ಆಗುವುದುಂಟು. ಇದಕ್ಕೆ ಅಲರ್ಜಿ ಬೇಕಿಲ್ಲ, ಯಾರಿಗಾದರೂ ಆಗಬಹುದು. ಎರಡನೆಯದು ಕ್ರೋಮಿಯಂ. ಸಿಮೆಂಟ್ ತಯಾರಿಸುವ ಕಲ್ಲು ಮಣ್ಣುಗಳಲ್ಲಿ ಅತ್ಯಲ್ಪ ಪ್ರಮಾಣದ ಕ್ರೋಮಿಯಂ ಸಹಜವಾಗಿಯೇ ಇರುತ್ತದೆ. ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗೂಡಿನಲ್ಲಿ ಬೇಯುವಾಗ ಅದರ ಒಂದಂಶ ಷಡ್ವೇಲೆನ್ಸಿಯ ಕ್ರೋಮಿಯಂ ಆಗಿ ಮಾರ್ಪಡುತ್ತದೆ. ಈ ರೂಪ ನೀರಿನಲ್ಲಿ ಕರಗುತ್ತದೆ, ಸುಣ್ಣದಿಂದ ಸೀಳಿದ ಚರ್ಮದೊಳಕ್ಕೆ ಸುಲಭವಾಗಿ ಇಳಿಯುತ್ತದೆ, ಒಳಗೆ ಹೋಗಿ ಮತ್ತೆ ತ್ರಿವೇಲೆನ್ಸಿಯ ರೂಪ ತಾಳಿ ನಮ್ಮದೇ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಆಗ ದೇಹಕ್ಕೆ ತನ್ನ ಪ್ರೋಟೀನೇ ಪರಕೀಯವಾಗಿ ತೋರುತ್ತದೆ.

ಹೊರಚರ್ಮದಲ್ಲಿ ಕವಲುಗಳನ್ನು ಚಾಚಿ ಕುಳಿತ ಕಾವಲು ಕೋಶಗಳಿವೆ. ಬರ್ಲಿನ್ನಿನಲ್ಲಿ ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದ ಪೌಲ್ ಲಾಂಗರ್‌ಹಾನ್ಸ್ 1868ರಲ್ಲಿ ಅವುಗಳನ್ನು ಕಂಡು, ನರಗಳೆಂದು ಭಾವಿಸಿ ವರ್ಣಿಸಿದ. ಅವು ನರಗಳಲ್ಲ, ಬಿಳಿ ರಕ್ತಕಣಗಳ ಬಂಧುಗಳೇ. ಪರಕೀಯವೆಂದು ಕಂಡ ವಸ್ತುವಿನ ತುಣುಕನ್ನು ಹೊತ್ತು ಇಂಥ ಕಾವಲು ಕೋಶಗಳು ದುಗ್ಧನಾಳದ ಮೂಲಕ ಕಂಕುಳಿನ ದುಗ್ಧಗ್ರಂಥಿಗೆ ಹೋಗುತ್ತವೆ. ಪಯಣ ಇಲ್ಲಿಂದಲೇ ಆರಂಭ. ಮೊದಲು ಚರ್ಮದಿಂದ ಒಳಗೆ, ಬಳಿಕ ಒಳಗಿನಿಂದ ಚರ್ಮಕ್ಕೆ. ಗ್ರಂಥಿಯಲ್ಲಿ ಲಕ್ಷಾಂತರ ಟಿ ಕೋಶಗಳ ನಡುವೆ ಆ ತುಣುಕಿಗೆ ಹೊಂದುವ ಕೆಲವೇ ಕೋಶಗಳು ಎಚ್ಚತ್ತು, ಇಮ್ಮಡಿಸಿ, ಒಂದು ಸೈನ್ಯವಾಗುತ್ತವೆ. ತುಣುಕು ಬಂದದ್ದು ಚರ್ಮದಿಂದ ಎಂಬುದೂ ಅವಕ್ಕೆ ತಿಳಿಯುತ್ತದೆ. ಚರ್ಮದ ರಕ್ತನಾಳಗಳಲ್ಲಿಯೇ ಇಳಿಯುವಂತೆ ಅವುಗಳ ಮೈಮೇಲೆ ಒಂದು ಗುರುತು ಮೂಡುತ್ತದೆ, ಅಂಚೆಯ ಪಿನ್‌ಕೋಡಿನಂತೆ. ಈ ಸಿದ್ಧತೆಗೆ ಹತ್ತು ಹದಿನೈದು ದಿನ ಸಾಕು. ಆದರೆ ಅದು ಯಾವಾಗ ಆರಂಭವಾಗುತ್ತದೆಂಬುದು ಚರ್ಮ ಎಷ್ಟು ಸೀಳಿದೆ, ಎಷ್ಟು ಸಲ ಕ್ರೋಮಿಯಂ ಒಳಗಿಳಿದಿದೆ ಎಂಬುದನ್ನು ಅವಲಂಬಿಸಿದೆ. ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳು, ಕೆಲವರಿಗೆ ಎಂದೂ ಇಲ್ಲ. ‘ಹದಿನೈದು ವರ್ಷ ಆಗದ್ದು ಈಗೇಕೆ’ ಎಂಬ ಪ್ರಶ್ನೆಗೆ ಉತ್ತರ ಇದೇ. ಹದಿನೈದು ವರ್ಷಗಳ ಒಡನಾಟ ಆತನಿಗೆ ರಕ್ಷಣೆಯನ್ನು ಕೊಟ್ಟಿರಲಿಲ್ಲ. ಅವಕಾಶಗಳನ್ನು ಕೂಡಿಸುತ್ತ ಬಂದಿತ್ತು.

ಒಮ್ಮೆ ಸೈನ್ಯ ಸಿದ್ಧವಾದ ಮೇಲೆ ಮುಂದಿನ ಸಲ ಕ್ರೋಮಿಯಂ ತಗಲಿದಾಗ ಏನಾಗುತ್ತದೆ? ಚರ್ಮದ ಕೋಶಗಳು ಕೂಗಬೇಕು, ರಕ್ತನಾಳದ ಗೋಡೆ ಅಂಟಾಗಬೇಕು, ದೇಹವೆಲ್ಲ ಸುತ್ತುತ್ತಿರುವ ಟಿ ಕೋಶಗಳು ಆ ದಾರಿಯಲ್ಲಿ ಹಾಯಬೇಕು, ಉರುಳಬೇಕು, ನಿಲ್ಲಬೇಕು, ತೂರಬೇಕು, ಬಂದ ಮೊದಲ ಕೆಲವು ಕೋಶಗಳು ಇನ್ನಷ್ಟನ್ನು ಕರೆಯಬೇಕು. ಇದೆಲ್ಲ ಕೂಡಿ ಕಣ್ಣಿಗೆ ಕಾಣುವಂತಾಗಲು 24ರಿಂದ 72 ಗಂಟೆ ಹಿಡಿಯುತ್ತದೆ. ಶುಕ್ರವಾರದ ಸಿಮೆಂಟ್ ಭಾನುವಾರ ಕೆಂಪಾಗುವುದು ವಿಚಿತ್ರವಲ್ಲ. ಶುಕ್ರವಾರ ಸಂಜೆಯೇ ಕೆಂಪಾಗಿದ್ದರೆ ಬೇರೆ ಕಾರಣವನ್ನು ಹುಡುಕಬೇಕಾಗುತ್ತಿತ್ತು.

ಈ ವಿಳಂಬ ಕಣಗಳದ್ದೇ ಎಂಬುದಕ್ಕೆ ಒಳ್ಳೆಯ ಪ್ರಮಾಣವನ್ನು ಒದಗಿಸಿದವರು ಲ್ಯಾಂಡ್‌ಸ್ಟೈನರ್ ಮತ್ತು ಚೇಸ್. ರಕ್ತದ ಗುಂಪುಗಳನ್ನು ಕಂಡುಹಿಡಿದ ಅದೇ ಲ್ಯಾಂಡ್‌ಸ್ಟೈನರ್. 1942ರಲ್ಲಿ ಅವರು ಚರ್ಮದ ಅಲರ್ಜಿಯಿದ್ದ ಗಿನಿಯಿಲಿಯ ಬಿಳಿ ಕಣಗಳನ್ನು ಅಲರ್ಜಿಯಿಲ್ಲದ ಇನ್ನೊಂದಕ್ಕೆ ಚುಚ್ಚಿದಾಗ ಅಲರ್ಜಿಯೂ ಜೊತೆಗೆ ಹೋಯಿತು. ಕಣಗಳನ್ನು ತೆಗೆದ ಬರಿಯ ರಕ್ತದ ದ್ರವವನ್ನು ಚುಚ್ಚಿದಾಗ ಹೋಗಲಿಲ್ಲ. ನ್ಯಾಯಾಲಯದ ಮಾತಿನಲ್ಲಿ ಹೇಳುವುದಾದರೆ, ಆರೋಪಿಯನ್ನು ಸ್ಥಳದಿಂದ ಸ್ಥಳಕ್ಕೆ ಸಾಗಿಸಿ, ಅಪರಾಧ ಅವನೊಡನೆಯೇ ಸಾಗಿತೆಂಬುದನ್ನು ತೋರಿಸಿದಂತಾಯಿತು.

ಪ್ಯಾಚ್ ಟೆಸ್ಟ್ ಎಂಬ ಪರೀಕ್ಷೆಯೂ ಇದೇ ವಿಳಂಬದ ಮೇಲೆ ನಿಂತಿದೆ. ಯಾದಾಸ್ಸೋನ್ ಎಂಬ ಚರ್ಮವೈದ್ಯ 1895ರಲ್ಲಿ ಆರಂಭಿಸಿದ ಈ ವಿಧಾನ ಇಂದಿಗೂ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಸಂಶಯಿತ ವಸ್ತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ಬಳಿಕ ಪಟ್ಟಿ ಕಿತ್ತು ನೋಡುತ್ತಾರೆ. 72 ಅಥವಾ 96 ಗಂಟೆಗಳಿಗೆ ಮತ್ತೊಮ್ಮೆ ನೋಡುತ್ತಾರೆ. ಸಿಮೆಂಟಿಗೆ ಸಂಬಂಧಿಸಿದ ಪಟ್ಟಿಯಲ್ಲಿ ಇರುವುದು ಪೊಟ್ಯಾಸಿಯಂ ಡೈಕ್ರೋಮೇಟ್. 1950ರಲ್ಲಿ ಸ್ವಿಟ್ಜರ್ಲೆಂಡಿನ ಯೇಗರ್ ಮತ್ತು ಪೆಲ್ಲೋನಿ ಸಿಮೆಂಟ್ ಎಕ್ಸಿಮಾ ಬಂದವರಿಗೆ ಈ ಪರೀಕ್ಷೆ ಮಾಡಿ, ಅವರಲ್ಲಿ ಬಹುತೇಕ ಎಲ್ಲರ ಚರ್ಮವೂ ಡೈಕ್ರೋಮೇಟಿಗೆ ಕೆರಳಿದ್ದನ್ನು ಕಂಡರು. ಅಪರಾಧಿ ಸಿಕ್ಕಿಬಿದ್ದದ್ದು ಆಗ. ಡೆನ್ಮಾರ್ಕಿನಲ್ಲಿ 1981ರಿಂದ ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸತೊಡಗಿದರು; ಅದು ಕರಗುವ ಕ್ರೋಮಿಯಮನ್ನು ಕರಗದ ರೂಪಕ್ಕೆ ತರುತ್ತದೆ. ಯುರೋಪಿಯನ್ ಒಕ್ಕೂಟ 2005ರ ಜನವರಿಯಿಂದ ಹತ್ತು ಲಕ್ಷದಲ್ಲಿ ಎರಡು ಭಾಗಕ್ಕಿಂತ ಹೆಚ್ಚು ಷಡ್ವೇಲೆನ್ಸಿಯ ಕ್ರೋಮಿಯಂ ಇರುವ ಸಿಮೆಂಟನ್ನು ಕೈಗೆ ತಗಲುವ ಕೆಲಸಗಳಿಗೆ ಮಾರದಂತೆ ನಿರ್ಬಂಧಿಸಿತು. ಚೀಲಕ್ಕೆ ಒಂದು ಹಿಡಿ ಉಪ್ಪಿನಂಥ ವಸ್ತು ಬೆರೆಸಿದರೆ ತಪ್ಪುವ ಸಂಕಟವಿದು ಎಂಬುದು ಯೋಚನೆಗೆ ಹಚ್ಚುವ ಸಂಗತಿ.

ರೋಗ ಒಮ್ಮೆ ಬಂದ ಜಾಗದಲ್ಲಿಯೇ ಮರಳಿ ಮರಳಿ ಬರುವುದೇಕೆಂದು ಅನೇಕರು ಬೇಸರಿಸುತ್ತಾರೆ. ಬಂದ ಟಿ ಕೋಶಗಳೆಲ್ಲ ಹಿಂದಿರುಗಿ ಹೋಗುವುದಿಲ್ಲ. ಕೆಲವು ಅಲ್ಲಿಯೇ ಬಿಡಾರ ಹೂಡುತ್ತವೆ. ಆರೋಗ್ಯವಂತ ಮನುಷ್ಯನ ಚರ್ಮದಲ್ಲಿ ಸುಮಾರು 2,000 ಕೋಟಿ ಟಿ ಕೋಶಗಳಿವೆಯೆಂದು 2006ರ ಒಂದು ಅಧ್ಯಯನ ಅಂದಾಜು ಮಾಡಿತು. ಅದು ರಕ್ತದಲ್ಲಿ ತಿರುಗಾಡುತ್ತಿರುವ ಟಿ ಕೋಶಗಳ ಸಂಖ್ಯೆಯ ಇಮ್ಮಡಿ. ಹಳೆಯ ಕಲೆಯಿದ್ದ ಜಾಗದಲ್ಲಿ ಬಿಡಾರ ಹೂಡಿದ ಕೋಶಗಳು ಎರಡನೆಯ ಸಲ ಹೆಚ್ಚು ಬೇಗ ಕೂಗು ಹಾಕುತ್ತವೆ. ಗೋವೆಗೆ ದುಡಿಯಲು ಬಂದು ಇಲ್ಲಿಯೇ ಮನೆ ಮಾಡಿಕೊಂಡ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಾಗಾದರೆ ಈ ಕಣಗಳ ಪಯಣವನ್ನೇ ತಡೆದುಬಿಟ್ಟರಾಗದೆ? ಆ ಯೋಚನೆ ವಿಜ್ಞಾನಿಗಳಿಗೂ ಬಂದಿತ್ತು. ಸೋರಿಯಾಸಿಸ್ ಎಂಬ ಇನ್ನೊಂದು ಉರಿಯೂತದ ಚರ್ಮರೋಗಕ್ಕೆ ಎಫಾಲಿಜುಮ್ಯಾಬ್ ಎಂಬ ಔಷಧಿಯನ್ನು ಅಮೆರಿಕ 2003ರಲ್ಲಿ ಒಪ್ಪಿತು. ಮೇಲೆ ಹೇಳಿದ ಇಂಟೆಗ್ರಿನ್ ಕೊಕ್ಕೆಯನ್ನೇ ಅದು ಮುಚ್ಚಿಬಿಡುತ್ತಿತ್ತು. ಟಿ ಕೋಶಗಳು ಚರ್ಮಕ್ಕೆ ಇಳಿಯಲಾರದಾದವು, ಅನೇಕರ ಚರ್ಮ ತಿಳಿಯಾಯಿತು. ಆದರೆ ಅದೇ ಕೊಕ್ಕೆಯನ್ನು ಬಳಸಿ ದೇಹದ ಬೇರೆಡೆ ಕಾವಲು ಕಾಯುವ ಕೋಶಗಳೂ ನಿಂತಲ್ಲೇ ನಿಂತವು. ದೀರ್ಘಕಾಲ ಬಳಸಿದ ಕೆಲವರ ಮಿದುಳಿಗೆ, ಸಾಮಾನ್ಯವಾಗಿ ಸದ್ದಿಲ್ಲದೆ ಮಲಗಿರುವ ಒಂದು ವೈರಾಣು ಎದ್ದು ಮಾರಕ ರೋಗ ತಂದಿತು. 2009ರಲ್ಲಿ ಔಷಧಿಯನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ ಕ್ಯೂಬಾದ ವಿಜ್ಞಾನಿಗಳೊಡನೆ ಅಭಿವೃದ್ಧಿಪಡಿಸಿ 2013ರಲ್ಲಿ ಹೊರತಂದ ಇಟೋಲಿಜುಮ್ಯಾಬ್ ಬೇರೆ ದಾರಿ ಹಿಡಿಯಿತು. ಅದು ಟಿ ಕೋಶದ ಮೇಲಿನ ಸಿಡಿ6 ಎಂಬ ಗುರುತಿಗೆ ಅಂಟಿ ಅದರ ಕೆರಳುವಿಕೆಯನ್ನು ತಗ್ಗಿಸುತ್ತದೆ. ಇವು ಸೋರಿಯಾಸಿಸ್‌ನ ಔಷಧಿಗಳು, ಗೌಂಡಿಯ ಕೈಗಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ.

ಗೌಂಡಿಯ ಕೈಗೆ ಸಾಮಾನ್ಯವಾಗಿ ಬರೆದುಕೊಡುವುದು ಸ್ಟೀರಾಯ್ಡ್ ಮುಲಾಮು. ಕೋಶಗಳ ಕೂಗನ್ನು ತಗ್ಗಿಸಿ, ರಕ್ತನಾಳದ ಗೋಡೆಯ ಅಂಟನ್ನು ಇಳಿಸಿ, ಹೊಸ ಕಣಗಳು ಬಾರದಂತೆ ಅದು ನೋಡಿಕೊಳ್ಳುತ್ತದೆ. ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯದು. ನಮ್ಮಲ್ಲಿ ನಡೆಯುವುದು ಬೇರೆ. ಮೆಡಿಕಲ್ ಸ್ಟೋರಿನಲ್ಲಿ ಕೈ ತೋರಿಸಿ, ಸ್ಟೀರಾಯ್ಡ್ ಜೊತೆ ಮೂರು ನಾಲ್ಕು ಔಷಧಿ ಬೆರೆಸಿದ ಟ್ಯೂಬು ತಂದು, ಅದನ್ನೇ ಮನೆಮಂದಿಯೆಲ್ಲ ಹಚ್ಚಿಕೊಳ್ಳುತ್ತಾರೆ. ಕೆಲಸಗಾರನ ಇಸುಬಿಗೆ ತಂದದ್ದು ಮಗುವಿನ ಗಜಕರ್ಣಕ್ಕೂ ಹೋಗುತ್ತದೆ. ಗಜಕರ್ಣ ಶಿಲೀಂಧ್ರದ ಸೋಂಕು. ಅದನ್ನು ಎದುರಿಸಬೇಕಾದ ಕಣಗಳು ಅಲ್ಲಿಗೆ ಬಾರದಂತೆ ಸ್ಟೀರಾಯ್ಡ್ ತಡೆದರೆ ತುರಿಕೆ ನಾಲ್ಕು ದಿನ ತಗ್ಗಿ, ಸೋಂಕು ನಿರಾತಂಕವಾಗಿ ಹರಡುತ್ತದೆ. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ 2018ರಲ್ಲಿಯೇ ನಿಯಮ ಬಿಗಿಗೊಳಿಸಲಾಗಿದೆ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಚರ್ಮರೋಗ ವಿಭಾಗವಿದೆ. ಅರ್ಧ ದಿನದ ಸಂಬಳ ಹೋದರೂ ಒಮ್ಮೆ ಅಲ್ಲಿ ತೋರಿಸುವುದು ಲೇಸು. ಇನ್ನೊಂದು ಮಾತು: ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ತಂದೆಯ ಕೈ ಹೀಗಿದೆಯೆಂದು ಆತನ ತಟ್ಟೆ ಲೋಟಗಳನ್ನು ಬೇರೆ ಇಡುವ ಮನೆಗಳಿವೆ. ಕ್ರೋಮಿಯಮನ್ನು ನೆನಪಿಟ್ಟುಕೊಂಡದ್ದು ಅವನ ಟಿ ಕೋಶಗಳು. ಅವು ತಟ್ಟೆಯ ಮೂಲಕ ಯಾರಿಗೂ ಹೋಗುವುದಿಲ್ಲ.

ಇನ್ನು ಕಾನೂನು. 2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ವೃತ್ತಿಜನ್ಯ ರೋಗಗಳ ಪಟ್ಟಿಯಿತ್ತು. ಅದರ ‘ಬಿ’ ಭಾಗದಲ್ಲಿ ಕ್ರೋಮಿಯಂ ಮತ್ತು ಅದರ ವಿಷಕಾರಿ ಸಂಯುಕ್ತಗಳಿಂದಾಗುವ ರೋಗಗಳೂ, ಭೌತಿಕ, ರಾಸಾಯನಿಕ ಅಥವಾ ಜೈವಿಕ ಕಾರಣಗಳಿಂದಾಗುವ ಚರ್ಮರೋಗಗಳೂ ಸೇರಿದ್ದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೆಯ ಅನುಸೂಚಿಯೂ ಇಂಥದೇ ಪಟ್ಟಿಯನ್ನು ಹೊಂದಿದೆ. ಒಬ್ಬನೇ ಮಾಲೀಕನ ಬಳಿ ಆರು ತಿಂಗಳಿಗೆ ಕಡಿಮೆಯಿಲ್ಲದೆ ಸತತವಾಗಿ ದುಡಿದವನಿಗೆ ಈ ಭಾಗದ ರೋಗ ಬಂದರೆ ಅದನ್ನು ಅಪಘಾತದ ಗಾಯವೆಂದೇ ಪರಿಗಣಿಸಬೇಕು. ವ್ಯತಿರಿಕ್ತವಾಗಿ ಸಾಬೀತಾಗದ ಹೊರತು ಅದು ಕೆಲಸದಿಂದಲೇ ಉಂಟಾಯಿತೆಂದು ಭಾವಿಸಬೇಕು. ಅಂದರೆ ‘ಮನೆಯ ಸೋಪಿನಿಂದ ಬಂತು’ ಎಂದು ಹೇಳುವ ಗುತ್ತಿಗೆದಾರನೇ ಅದನ್ನು ಸಾಬೀತುಪಡಿಸಬೇಕು. ದುಡಿಮೆಗೆ ಅಡ್ಡಿಯಾಗದ ಬರಿಯ ತುರಿಕೆಗೆ ಪರಿಹಾರವಿಲ್ಲ. ಮೂರು ದಿನಕ್ಕೂ ಮೀರಿದ ಅಶಕ್ತತೆ ಬೇಕು.

ತೊಡಕಿರುವುದು ಕಾಯ್ದೆಯಲ್ಲಲ್ಲ, ಕಾಗದದಲ್ಲಿ. ನಮ್ಮ ಗೌಂಡಿ ಇಂದು ಒಂದು ಸೈಟಿನಲ್ಲಿ, ಬರುವ ತಿಂಗಳು ಇನ್ನೊಂದರಲ್ಲಿ. ಆರು ತಿಂಗಳ ಸತತ ಸೇವೆಗೆ ದಾಖಲೆಯೇ ಇರುವುದಿಲ್ಲ. ಆದ್ದರಿಂದ ಓದುಬರಹ ಬಲ್ಲ ಮಕ್ಕಳಿಗೆ ನನ್ನದೊಂದು ಕೋರಿಕೆ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಅಪ್ಪನ ಕೆಲಸದ ದಿನ, ಸೈಟಿನ ಹೆಸರು, ಮೇಸ್ತ್ರಿಯ ಹೆಸರು, ಕೈ ಕೆಂಪಾದ ದಿನ, ರಜೆಯಲ್ಲಿ ಊರಿಗೆ ಹೋದಾಗ ವಾಸಿಯಾಯಿತೇ, ಮರಳಿ ಕೆಲಸಕ್ಕೆ ಹೋದ ಎಷ್ಟನೆಯ ದಿನ ಮತ್ತೆ ಬಂತು ಎಂಬುದನ್ನು ಬರೆದಿಡಿ. ರಜೆಯಲ್ಲಿ ತಗ್ಗಿ, ಕೆಲಸಕ್ಕೆ ಮರಳಿದ ಎರಡನೆಯ ಅಥವಾ ಮೂರನೆಯ ದಿನ ಮರಳುವ ರೋಗದ ಆ ಲೆಕ್ಕ, ಪ್ಯಾಚ್ ಟೆಸ್ಟಿನ ವರದಿಯೊಡನೆ ಸೇರಿದರೆ, ಬಹಳ ತೂಕದ ಸಾಕ್ಷ್ಯವಾಗುತ್ತದೆ. ಹದಿನೆಂಟರಿಂದ ಅರುವತ್ತರೊಳಗಿನ ವಯಸ್ಸಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು ಎಂಬುದನ್ನೂ ಮರೆಯಬೇಡಿ.

ಮುನ್ನೆಚ್ಚರಿಕೆಯ ಬಗ್ಗೆ ಸ್ವಲ್ಪ. ಸಿಮೆಂಟ್ ತಗಲಿದ ಕೈಯನ್ನು ಊಟದ ಹೊತ್ತಿನವರೆಗೆ ಬಿಡದೆ ಆಗಲೇ ಶುದ್ಧ ನೀರಿನಲ್ಲಿ ತೊಳೆಯಬೇಕು; ಕರಣೆ ತೊಳೆದ ಅದೇ ಬಕೀಟಿನ ನೀರಿನಲ್ಲಿ ಅಲ್ಲ. ಒದ್ದೆಯಾದ ಬಟ್ಟೆಯನ್ನು ಬದಲಿಸಬೇಕು. ಒಳಗೆ ಹತ್ತಿಯ ಅಸ್ತರಿರುವ, ಖಾರ ತಡೆಯುವ ರಬ್ಬರಿನಂಥ ಕೈಗವಸು ಒಳ್ಳೆಯದು. ಒಳಗೆ ಸಿಮೆಂಟ್ ಸೇರಿಕೊಂಡ ಕೈಗವಸು ಮಾತ್ರ ಬರಿಗೈಗಿಂತ ಕೆಟ್ಟದ್ದು. ಚರ್ಮದ ಕೈಗವಸನ್ನು ಕ್ರೋಮಿಯಂ ಅಲರ್ಜಿಯವರು ದೂರವಿಡಬೇಕು, ಏಕೆಂದರೆ ಇಂದು ಹೆಚ್ಚಿನ ಚರ್ಮವನ್ನು ಹದಮಾಡುವುದು ಕ್ರೋಮಿಯಂ ಲವಣದಿಂದಲೇ. ಕೈ ವಾಸಿಯಾದ ಮೇಲೂ ಪಾದದ ಮೇಲೆ ಚಪ್ಪಲಿಯ ಪಟ್ಟಿಯ ಆಕಾರದಲ್ಲಿಯೇ ಇಸುಬು ಕಾಣಿಸಿಕೊಂಡರೆ ಕಾರಣ ಅದೇ ಇರಬಹುದು. ಅಂಥವರಿಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ಚಪ್ಪಲಿ ಸುಲಭದ ದಾರಿ. ಚರ್ಮದ್ದೇ ಬೇಕೆನ್ನುವವರು ಊರಿಗೆ ಹೋದಾಗ ವಿಚಾರಿಸಬಹುದು: ಅಥಣಿಯ ಕಡೆ ಕೈಯಿಂದ ಮಾಡುವ ಸಾಂಪ್ರದಾಯಿಕ ಕೊಲ್ಹಾಪುರಿ ಚಪ್ಪಲಿಯ ಚರ್ಮವನ್ನು ಹದಮಾಡುವುದು ಮರದ ತೊಗಟೆ, ಕಾಯಿಗಳ ಒಗರಿನಿಂದ, ಕ್ರೋಮಿಯಂನಿಂದಲ್ಲ. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. ಕೊಳ್ಳುವಾಗ ಹದಮಾಡಿದ ಬಗೆಯನ್ನು ಕೇಳಿಯೇ ಕೊಳ್ಳಿರಿ; ಅದೇ ಆಕಾರದಲ್ಲಿ ಕ್ರೋಮಿಯಂ ಚರ್ಮದ ಅಗ್ಗದ ಜೋಡುಗಳೂ ಸಂತೆಯಲ್ಲಿ ಸಿಗುತ್ತವೆ.